ಕಾಠಿ ರೋಲ್‌ನ ಕಡ್ಡಿ

ಬೆಂಗಳೂರಿನ ಗಾಡಿಗಳ ಫಲಕದಲ್ಲಿ ‘ಕತ್ತಿ ರೋಲ್’ ಎಂದು ಬರೆದಿರುವುದನ್ನು ನೋಡಿದ್ದೇನೆ. ಕತ್ತಿಗೂ ಇದಕ್ಕೂ ಸಂಬಂಧವಿಲ್ಲ. ಬಂಗಾಳಿಯ ‘ಕಾಠಿ’ ಎಂದರೆ ಕಡ್ಡಿ. ಕೋಲ್ಕತ್ತದ ನ್ಯೂ ಮಾರ್ಕೆಟ್ ಬಳಿ 1932ರಲ್ಲಿ ಆರಂಭವಾದ ನಿಜಾಮ್ಸ್ ಹೋಟೆಲೇ ಇದರ ತವರೆಂದು ಪ್ರಸಿದ್ಧಿ. ಕೆಂಡದಲ್ಲಿ ಸುಟ್ಟ ಕಬಾಬನ್ನು ಪರೋಟದಲ್ಲಿ ಸುತ್ತಿಕೊಟ್ಟರೆ ತಟ್ಟೆ ಬೇಡ, ಕೈಗೆ ಜಿಡ್ಡಿಲ್ಲ, ನಡೆಯುತ್ತಲೇ ತಿನ್ನಬಹುದು. 1960ರ ದಶಕದಲ್ಲಿ ಕಬ್ಬಿಣದ ಭಾರದ ಸರಳುಗಳ ಬದಲು ಬಿದಿರು ಕಡ್ಡಿಗಳು ಬಂದವು, ಹೆಸರು ಅವುಗಳದೇ. ಈಗ ಕಡ್ಡಿಯನ್ನೇ ಕಾಣದ ಪನೀರ್ ರೋಲ್‌ಗೂ ಅದೇ ಹೆಸರು!

ಈ ಚರಿತ್ರೆಯಲ್ಲಿ ಹೋಟೆಲಿನ ಹೆಸರು ಉಳಿದಿದೆ, ಒಲೆಯ ಮುಂದೆ ಬೆವರಿದವರ ಹೆಸರಿಲ್ಲ. ಅದು ನನಗೆ ಸರಿಕಾಣದು. ನಾವು ಈ ಶಾಲೆಗೆ ಬರುವಾಗ ಅಮ್ಮಂದಿರು ಚಪಾತಿಗೆ ತುಪ್ಪ, ಬೆಲ್ಲ ಹಚ್ಚಿ ಸುರುಳಿ ಸುತ್ತಿ ಕೊಡುತ್ತಿದ್ದರು. ಅದಕ್ಕೆ ಯಾರೂ ಹೆಸರೇ ಇಡಲಿಲ್ಲ.