ಡೀಸೆಲ್ ಮೋಟರ್‌ಹೋಮ್‌: ಗೇರ್ ಬದಲಾವಣೆಯ ಬಿಂದು ಮತ್ತು ಎಂಜಿನ್ ಸಾಮರ್ಥ್ಯದ ಇತಿಹಾಸ

ಅಡುಗೆಮನೆ, ಹಾಸಿಗೆ, ಶೌಚಾಲಯಗಳನ್ನು ಒಳಗೊಂಡು ಚಲಿಸುವ ಮನೆಯಂತಿರುವ ಮೋಟರ್‌ಹೋಮ್‌ನಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸ್ ಒಂದು ಗೇರ್ ಬಿಟ್ಟು ಇನ್ನೊಂದನ್ನು ಹಿಡಿಯುವ ಎಂಜಿನ್ ವೇಗಕ್ಕೆ ಗೇರ್ ಬದಲಾವಣೆಯ ಬಿಂದು ಎಂದು ಹೆಸರು. ಅಮೆರಿಕದಲ್ಲಿ ಬೆಳೆದ ಈ ವಾಹನಗಳ ಸಾಮರ್ಥ್ಯದ ಇತಿಹಾಸವನ್ನು ಬಹುತೇಕ ಬರಹಗಳು ಅಶ್ವಶಕ್ತಿ ಏರುತ್ತ ಹೋದ ಕಥೆಯಾಗಿಯೇ ಹೇಳುತ್ತವೆ. ಆದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಎಷ್ಟು ದಕ್ಕುತ್ತದೆಂಬುದನ್ನು ನಿರ್ಧರಿಸುವುದು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಹೊಂದಾಣಿಕೆಯಾದ್ದರಿಂದ, ಆ ಹೊಂದಾಣಿಕೆ ಬದಲಾದ ಘಟ್ಟಗಳನ್ನೇ ಇಲ್ಲಿ ಮುಖ್ಯವೆಂದು ಪರಿಗಣಿಸಲಾಗಿದೆ.

ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್ ಹೇರಳವಾಗಿ ತಯಾರಾದದ್ದು 1939ರಲ್ಲಿ, ಜನರಲ್ ಮೋಟರ್ಸ್ ಸಂಸ್ಥೆ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಹೈಡ್ರಾ-ಮ್ಯಾಟಿಕ್ ಅಳವಡಿಸಿದಾಗ. ಭಾರಿ ವಾಹನಗಳ ಕ್ಷೇತ್ರದಲ್ಲಿ ಇಂಡಿಯಾನಾಪೊಲಿಸ್‌ನ ಅಲಿಸನ್ ಸಂಸ್ಥೆ ಮುಂಚೂಣಿಗೆ ಬಂತು. ಹಳೆಯ ಬಸ್ಸುಗಳನ್ನು ಮನೆಗಳಾಗಿ ಮಾರ್ಪಡಿಸುತ್ತಿದ್ದವರನ್ನು ಬಿಟ್ಟರೆ, ಹಿಂಬದಿಯಲ್ಲಿ ಡೀಸೆಲ್ ಎಂಜಿನ್ ಇರುವ ಮೋಟರ್‌ಹೋಮ್ ವ್ಯಾಪಕವಾದದ್ದು ಕಮಿನ್ಸ್ ಸಂಸ್ಥೆಯ 5.9 ಲೀಟರ್ ಬಿ-ಶ್ರೇಣಿಯ ಎಂಜಿನ್ 1980ರ ದಶಕದ ಮಧ್ಯದಲ್ಲಿ ಬಂದ ನಂತರವೇ.

ಆ ಕಾಲದ ಅಲಿಸನ್ ಎಟಿ, ಎಂಟಿ ಶ್ರೇಣಿಗಳಲ್ಲಿ ನಿರ್ಧಾರವೆಲ್ಲ ಎಣ್ಣೆಯ ಒತ್ತಡದ್ದಾಗಿತ್ತು. ವಾಹನದ ವೇಗಕ್ಕೆ ತಕ್ಕಂತೆ ಏರುವ ಒಂದು ಒತ್ತಡ ಗೇರ್ ಬದಲಿಸುವ ವಾಲ್ವನ್ನು ಒಂದು ಕಡೆಗೆ ತಳ್ಳುತ್ತಿತ್ತು. ಸ್ಪ್ರಿಂಗ್ ಮತ್ತು ಮಾಡ್ಯುಲೇಟರ್ ಅದನ್ನು ಎದುರು ಕಡೆಯಿಂದ ತಡೆಯುತ್ತಿದ್ದವು. ಮಾಡ್ಯುಲೇಟರ್ ಎಂದರೆ ಚಾಲಕ ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದಾನೆಂದು ಗೇರ್‌ಬಾಕ್ಸ್‌ಗೆ ತಿಳಿಸುವ ಭಾಗ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಸುದ್ದಿಯನ್ನು ಒಳಗಾಳಿಯ ಕೊಳವೆಯ ನಿರ್ವಾತದಿಂದಲೇ ಪಡೆಯಬಹುದಿತ್ತು. ಡೀಸೆಲ್ ಎಂಜಿನ್ ಗಾಳಿಯನ್ನು ತಡೆಯದೆ ಇಂಧನದ ಪ್ರಮಾಣವನ್ನಷ್ಟೇ ಹೆಚ್ಚುಕಡಿಮೆ ಮಾಡುವುದರಿಂದ ಅದರಲ್ಲಿ ಅಂಥ ನಿರ್ವಾತ ಸಿಗುವುದಿಲ್ಲ. ಹಾಗಾಗಿ ಇಂಧನ ಪಂಪಿನ ಸನ್ನೆಯಿಂದ ಕೇಬಲ್ ಎಳೆಯುವಂಥ ಉಪಾಯಗಳು ಬೇಕಾದವು.

ಇನ್ನೊಂದು ತೊಡಕು ಎಂಜಿನ್ನಿನ ಗವರ್ನರ್, ಅಂದರೆ ನಿಗದಿತ ವೇಗ ಮೀರಿದಾಗ ಇಂಧನವನ್ನು ತಗ್ಗಿಸುವ ಸಾಧನ. ಬಿ-ಶ್ರೇಣಿಯ ಗರಿಷ್ಠ ಶಕ್ತಿಯ ವೇಗ ನಿಮಿಷಕ್ಕೆ 2500 ಸುತ್ತು. ಹೊರೆಯಿಲ್ಲದಾಗ ಎಂಜಿನ್ ಅದನ್ನೂ ಮೀರಿ ಓಡುತ್ತಿತ್ತು, ಹೊರೆ ಬಿದ್ದಾಗ ಮೀರುತ್ತಿರಲಿಲ್ಲ. ಗೇರ್ ಬದಲಾವಣೆಯ ಬಿಂದುವನ್ನು 2500ಕ್ಕಿಂತ ತುಸು ಮೇಲಿಟ್ಟರೆ ಸಮತಟ್ಟು ರಸ್ತೆಯಲ್ಲಿ ಗೇರ್ ಸರಿಯಾಗಿ ಏರುತ್ತಿದ್ದ ಅದೇ ವಾಹನ, ಘಾಟಿಯಲ್ಲಿ ಆ ಬಿಂದುವನ್ನು ಮುಟ್ಟಲಾರದೆ ಕೆಳಗಿನ ಗೇರ್‌ನಲ್ಲೇ ಕಿರುಚುತ್ತ ಉಳಿಯುತ್ತಿತ್ತು. ಇದನ್ನು ಎಂಜಿನ್ನಿನ ದೌರ್ಬಲ್ಯವೆಂದು ಬಗೆದವರು ಹಲವರು. ದೋಷವಿದ್ದದ್ದು ಎರಡರ ಹೊಂದಾಣಿಕೆಯಲ್ಲಿ.

1991ರಲ್ಲಿ ಅಲಿಸನ್ ತನ್ನ ವಿದ್ಯುನ್ಮಾನ ನಿಯಂತ್ರಣದ ವರ್ಲ್ಡ್ ಟ್ರಾನ್ಸ್‌ಮಿಷನ್ ಶ್ರೇಣಿಯನ್ನು ತಂದಿತು. ಇಲ್ಲಿಂದ ನೇರವಾಗಿ ಇಂದಿನ ಗಣಕ ನಿಯಂತ್ರಣಕ್ಕೆ ಜಿಗಿಯುವ ಬರಹಗಳು ನಡುವಿನ ಒಂದು ಮುಖ್ಯ ಅವಧಿಯನ್ನು ಬಿಟ್ಟುಬಿಡುತ್ತವೆ. ಕಮಿನ್ಸ್‌ನ ವಿದ್ಯುನ್ಮಾನ ಐಎಸ್‌ಬಿ ಎಂಜಿನ್ 1998ರಲ್ಲಿ ಬರುವವರೆಗೆ, ಹಲವು ಮೋಟರ್‌ಹೋಮ್‌ಗಳಲ್ಲಿ ಗಣಕವುಳ್ಳ ಗೇರ್‌ಬಾಕ್ಸ್ ಪೂರ್ತಿ ಯಾಂತ್ರಿಕ ಎಂಜಿನ್ನಿನ ಜೊತೆ ಕೆಲಸ ಮಾಡುತ್ತಿತ್ತು. ಅದಕ್ಕೆ ಎಂಜಿನ್ನಿನ ಹೊರೆಯ ಸುಳಿವು ಸಿಗುತ್ತಿದ್ದದ್ದು ಪಂಪಿನ ಸನ್ನೆಗೆ ಕಟ್ಟಿದ ಒಂದು ಸಂವೇದಕದಿಂದ ಮಾತ್ರ. ಅದರ ಕೇಬಲ್ ಜೋಡಣೆ ತಪ್ಪಿದರೆ, ಚಾಲಕ ಪೂರ್ತಿ ಒತ್ತಿದ್ದರೂ ಅರ್ಧ ಒತ್ತಿದಂತೆ ತಿಳಿದು ಗೇರ್‌ಬಾಕ್ಸ್ ಬೇಗನೆ ಗೇರ್ ಏರಿಸಿಬಿಡುತ್ತಿತ್ತು.

ಬೇಗ ಏರಿಸಿದರೆ ಆಗುವುದೇನೆಂಬುದನ್ನು ಅಲಿಸನ್ 3000 ಶ್ರೇಣಿಯ ಅನುಪಾತಗಳೇ ಹೇಳುತ್ತವೆ: 3.49, 1.86, 1.41, 1.00, 0.75, 0.65. ನಾಲ್ಕನೆಯ ಗೇರ್‌ನಲ್ಲಿ 2000 ಸುತ್ತಿದ್ದಾಗ ಐದನೆಯದಕ್ಕೆ ಏರಿದರೆ ಎಂಜಿನ್ 1500ಕ್ಕೆ ಇಳಿಯುತ್ತದೆ. 1700ರಲ್ಲೇ ಏರಿದರೆ 1275ಕ್ಕೆ ಕುಸಿಯುತ್ತದೆ. 5.9 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಚುಬಲ, ಸಿಗುವುದು ಸುಮಾರು 1600ರಲ್ಲಾದ್ದರಿಂದ 1275ರಲ್ಲಿ ಅದು ಏದುಸಿರು ಬಿಡುತ್ತದೆ. ಗೇರ್ ಮತ್ತೆ ಇಳಿಯುತ್ತದೆ, ವೇಗ ಬಂದೊಡನೆ ಏರುತ್ತದೆ, ಹೀಗೆ ಹಿಂದುಮುಂದಾಗುತ್ತಲೇ ಇರುತ್ತದೆ. 1300ರ ಆಸುಪಾಸಿನಲ್ಲೇ ಗರಿಷ್ಠ ಟಾರ್ಕ್ ಕೊಡುವ 8.9 ಲೀಟರ್‌ನ ಐಎಸ್‌ಎಲ್ ಎಂಜಿನ್‌ಗಾದರೆ ಅದೇ 1275 ಆರಾಮದ ವೇಗ. ಎಲ್ಲ ವಾಹನಗಳಿಗೂ ಒಪ್ಪುವ ಒಂದೇ ಬಿಂದುವನ್ನು ಸೂಚಿಸುವ ಪಟ್ಟಿಗಳು ಈ ಕಾರಣದಿಂದಲೇ ದಾರಿತಪ್ಪಿಸುತ್ತವೆ.

ಎಂಜಿನ್ ಕೂಡ ಗಣಕಕ್ಕೆ ಒಳಪಟ್ಟ ಮೇಲೆ ಎರಡೂ ಒಂದೇ ಮಾಹಿತಿ ಜಾಲದಲ್ಲಿ, ಮುಖ್ಯವಾಗಿ ಜೆ1939 ಎಂಬ ಮಾನಕದ ಮೂಲಕ, ಪರಸ್ಪರ ಸಂದೇಶ ಕಳಿಸತೊಡಗಿದವು. ಹೊರೆಯ ಪ್ರಮಾಣ ಗೇರ್‌ಬಾಕ್ಸ್‌ಗೆ ನೇರವಾಗಿ ತಿಳಿಯಿತು. ಗೇರ್ ದಾಟುವ ಕ್ಷಣದಲ್ಲಿ ಟಾರ್ಕ್ ತಗ್ಗಿಸುವಂತೆ ಅದು ಎಂಜಿನ್ನನ್ನು ಕೇಳಬಲ್ಲದಾಯಿತು. ಗೇರ್‌ಗಳ ಸಂಖ್ಯೆ ನಾಲ್ಕರಿಂದ ಆರಕ್ಕೆ ಏರಿದ್ದಕ್ಕಿಂತ ದೊಡ್ಡ ತಿರುವು ಇದು.

ಘಾಟಿ ಹತ್ತುವಾಗ ಚಾಲಕ ತಾನೇ ಗೇರ್ ಇಳಿಸಬೇಕೆ ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಕಡಿಮೆ ಸುತ್ತಿನಲ್ಲಿ ಇಂಧನ ಉಳಿಯುತ್ತದೆಂಬುದು ಸಮತಟ್ಟು ರಸ್ತೆಗೆ ನಿಜ. ಏರಿನಲ್ಲಿ ಪೂರ್ಣ ಇಂಧನ ಉರಿದು ಶಾಖ ಗರಿಷ್ಠವಾಗಿರುವಾಗಲೇ, ಎಂಜಿನ್ ವೇಗವನ್ನು ನೆಚ್ಚಿಕೊಂಡ ನೀರಿನ ಪಂಪು ಮತ್ತು ಫ್ಯಾನು ನಿಧಾನವಾಗುತ್ತವೆ. ಹಿಂಬದಿಯ ರೇಡಿಯೇಟರಿಗೆ ಎದುರುಗಾಳಿಯೂ ತಾಗುವುದಿಲ್ಲ. ಒಂದು ಗೇರ್ ಇಳಿಸಿದರೆ ಅದೇ ರಸ್ತೆವೇಗಕ್ಕೆ ಪ್ರತಿ ಸಿಲಿಂಡರಿನ ಹೊರೆ ಕಡಿಮೆಯಾಗಿ ಹೊಗೆಯ ಉಷ್ಣತೆ ಇಳಿಯುವುದರಿಂದ, ಏರಿನ ಮಟ್ಟಿಗೆ ಇಳಿಸುವವರ ವಾದವೇ ಬಲವಾದದ್ದು.

ಇಳಿಜಾರಿನಲ್ಲೂ ಕೆಳಗಿನ ಗೇರೇ ಮೇಲು, ಕಾರಣ ಮಾತ್ರ ಬೇರೆ. ಕಮಿನ್ಸ್ ಸಂಸ್ಥಾಪಕ ಕ್ಲೆಸಿ ಕಮಿನ್ಸ್ ರೂಪಿಸಿ, 1961ರಿಂದ ಜೇಕಬ್ಸ್ ಸಂಸ್ಥೆ ತಯಾರಿಸಿದ ಎಂಜಿನ್ ಬ್ರೇಕೂ ಹೊಗೆಕೊಳವೆಯನ್ನು ಮುಚ್ಚುವ ಎಗ್ಸಾಸ್ಟ್ ಬ್ರೇಕೂ ಹೆಚ್ಚು ಸುತ್ತಿನಲ್ಲಿ ಹೆಚ್ಚು ಹಿಡಿಯುತ್ತವೆ. ಆದ್ದರಿಂದ ಬ್ರೇಕಿನ ಗುಂಡಿ ಒತ್ತಿದೊಡನೆ ಗೇರ್‌ಬಾಕ್ಸ್ ಮೊದಲೇ ಗೊತ್ತುಪಡಿಸಿದ ಕೆಳಗಿನ ಗೇರ್‌ನತ್ತ ಇಳಿಯುವ ವ್ಯವಸ್ಥೆ ರೂಢಿಗೆ ಬಂತು. ಸಂವಾದ ಜಾಲವಿದ್ದರೆ ಮಾತ್ರ ಸುಲಭವಾಗುವ ಈ ಕೆಲಸದಲ್ಲಿ ಎಂಜಿನ್ ಅತಿವೇಗಕ್ಕೆ ಹೋಗುವಂತಿದ್ದರೆ, ಸುತ್ತು ಸುರಕ್ಷಿತ ಮಿತಿಗೆ ಬರುವವರೆಗೆ ಗಣಕ ಗೇರ್ ಇಳಿಕೆಯನ್ನು ತಡೆಹಿಡಿಯುತ್ತದೆ.

ಗೇರ್ ಆಯ್ಕೆಯ ಗುಂಡಿಫಲಕದಲ್ಲಿರುವ ‘ಮೋಡ್’ ಗುಂಡಿಯ ಬಗೆಗೂ ಗೊಂದಲವಿದೆ. ಅದು ಗೇರ್ ಬದಲಾವಣೆಯ ಎರಡನೆಯ ವೇಳಾಪಟ್ಟಿಯನ್ನು ಜಾರಿಗೆ ತರುತ್ತದೆ. ಆ ಪಟ್ಟಿಯಲ್ಲಿ ಏನಿರಬೇಕೆಂಬುದು ವಾಹನ ತಯಾರಕರ ಆಯ್ಕೆಯಾಗಿರುವುದರಿಂದ, ಹಲವು ವಾಹನಗಳಲ್ಲಿ ಅದು ಮಿತವ್ಯಯದ ಪಟ್ಟಿಯಾಗಿದ್ದರೂ ಒಂದು ಮೋಟರ್‌ಹೋಮ್‌ನ ಗುಂಡಿಯಿಂದ ಇನ್ನೊಂದರದ್ದನ್ನು ಊಹಿಸುವಂತಿಲ್ಲ. ಅಲಿಸನ್‌ನ ಈಚಿನ ನಿಯಂತ್ರಣಗಳು ಹೊರೆ ಮತ್ತು ಏರಿಳಿತವನ್ನು ತಾವೇ ಅಳೆದು ವೇಳಾಪಟ್ಟಿಯನ್ನು ಆಯ್ದುಕೊಳ್ಳುವುದರಿಂದ, ಅಂಥ ವಾಹನಗಳಲ್ಲಿ ಈ ಗುಂಡಿಯ ಕೆಲಸ ಕಡಿಮೆಯಾಗಿದೆ.