ಡೀಸೆಲ್ ಎಂಜಿನ್‌ಗೆ ಹೊಂಗೆ ಎಣ್ಣೆ: ಎಂಜಿನ್ ಒಪ್ಪಿತು, ಎಣ್ಣೆ ಎಲ್ಲಿ?

ರಾಮನಗರ ಅಂದ ತಕ್ಷಣ ನಮಗೆಲ್ಲ ಶೋಲೆ ಬೆಟ್ಟ, ರೇಷ್ಮೆಗೂಡಿನ ಮಾರುಕಟ್ಟೆ, ಮೈಸೂರು ರಸ್ತೆ ನೆನಪಾಗುತ್ತೆ. ಇವತ್ತು ನಾನು ಹೇಳೋದು ಆ ರಾಮನಗರ ಅಲ್ಲ. ವಾರಾಣಸಿಯಲ್ಲಿ ಗಂಗೆಯ ಆಚೆ ದಡದಲ್ಲಿ, ಕಾಶಿ ರಾಜರ ಕೋಟೆ ಇರೋ ರಾಮನಗರ. ಅಲ್ಲಿ ಸುಮಾರು ಒಂದು ತಿಂಗಳು ನಡೆಯುವ ರಾಮಲೀಲೆಗೆ ಇವತ್ತಿಗೂ ಮೈಕ್ ಇಲ್ಲ, ವಿದ್ಯುತ್ ದೀಪ ಇಲ್ಲ. ಪೆಟ್ರೋಮ್ಯಾಕ್ಸ್ ಮತ್ತು ಪಂಜಿನ ಬೆಳಕಲ್ಲೇ ಆಟ.

ಇದೇ ರಾಮನಗರದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪೂರ್ವಜರ ಮನೆ ಇದೆ. 1964ರ ಜನವರಿಯಲ್ಲಿ ಹೊಳೆಯ ಈಚೆ ದಡದ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಿಂದ ಹೊರಬಂದ ಮೊದಲ ಎಂಜಿನ್ನನ್ನು ದೇಶಕ್ಕೆ ಅರ್ಪಿಸಿದವರೂ ಶಾಸ್ತ್ರಿಯವರೇ. ತಂತ್ರಜ್ಞಾನ ಅಮೆರಿಕದ ಆಲ್ಕೋ ಕಂಪನಿಯದ್ದು. ಅಲ್ಲಿಂದ ಮುಂದೆ ಹಲವು ದಶಕ ನಮ್ಮ ರೈಲುಗಳನ್ನು ಎಳೆದದ್ದು ಈ ಕಾರ್ಖಾನೆಯ ಎಂಜಿನ್‌ಗಳು. ನಾವೆಲ್ಲ ರಜೆಗೆ ಊರಿಗೆ ಹೋಗ್ತಿದ್ದ ರೈಲುಗಳೂ ಸೇರಿ. ಎಂಜಿನ್ ಇಲ್ಲೇ ತಯಾರಾಯ್ತು, ಆದ್ರೆ ಅದು ಕುಡಿಯುವ ಎಣ್ಣೆಗೆ ಬೇಕಾದ ಕಚ್ಚಾತೈಲ ಬಹುಪಾಲು ಹೊರದೇಶದಿಂದಲೇ ಬರಬೇಕು. ಹಾಗಾದ್ರೆ ನಮ್ಮ ಹೊಲದಲ್ಲಿ, ಬೇಲಿಯಲ್ಲಿ ಬೆಳೆಯೋ ಎಣ್ಣೆಯಲ್ಲಿ ಇದು ಓಡಲ್ವಾ? ಈ ಪ್ರಶ್ನೆ ಡೀಸೆಲ್ ಎಂಜಿನ್ನಿನಷ್ಟೇ ಹಳೇದು.

ಮೊದಲು ಒಂದು ಫಾರ್ವರ್ಡ್ ಮೆಸೇಜಿನ ವಿಷಯ ಮುಗಿಸಿಬಿಡೋಣ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಕಂಡುಹಿಡಿದಿದ್ದೇ ಕಡಲೆಕಾಯಿ ಎಣ್ಣೆಗೆ, ಆಮೇಲೆ ತೈಲ ಕಂಪನಿಗಳು ಅದನ್ನು ಮುಚ್ಚಿಹಾಕಿದವು ಅಂತ ಹೇಳ್ತಾರೆ. ಅದು ನಿಜ ಅಲ್ಲ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನಲ್ಲಿ ಅವನ ಪ್ರಯೋಗದ ಎಂಜಿನ್ ಮೊದಲ ಸಲ ಉರಿದದ್ದು ಪೆಟ್ರೋಲಿಯಂ ಇಂಧನದಲ್ಲೇ. ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅಲ್ಲಿ ಓಟ್ಟೋ ಕಂಪನಿಯ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು, ಏನೂ ಬದಲಾವಣೆ ಮಾಡದೆ. ಕೇಳಿದ್ದು ಫ್ರಾನ್ಸ್ ಸರ್ಕಾರ. ಅವರ ಆಫ್ರಿಕಾ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳವಾಗಿ ಬೆಳೀತಿತ್ತು, ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಹೊರಗಿಂದ ತರದೆ ಅಲ್ಲೇ ಶಕ್ತಿ ಸಿಗಬೇಕಿತ್ತು. 1912ರಲ್ಲಿ ಡೀಸೆಲ್ ತಾನೇ ಇದನ್ನೆಲ್ಲ ಹೇಳಿದ್ದಾನೆ. ಅಂದ್ರೆ ಮೊದಲ ದಿನದಿಂದಲೂ ಇಲ್ಲಿ ಮುಖ್ಯ ಪ್ರಶ್ನೆ ಎಂಜಿನ್ ಒಪ್ಪುತ್ತಾ ಅನ್ನೋದಲ್ಲ. ಎಣ್ಣೆ ಯಾರ ನೆಲದಲ್ಲಿ ಬೆಳೆಯುತ್ತೆ, ಯಾರ ಕೈಗೆ ಸೇರುತ್ತೆ ಅನ್ನೋದು.

ತಾಂತ್ರಿಕ ತೊಡಕು ಇರೋದು ಎಣ್ಣೆಯ ಮಂದತನದಲ್ಲಿ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜೆಕ್ಟರ್ ಅದನ್ನು ಸಣ್ಣ ಹನಿಗಳಾಗಿ ಚಿಮ್ಮಿಸೋಕಾಗಲ್ಲ, ಪೂರ್ತಿ ಉರಿಯಲ್ಲ, ಮಸಿ ಮತ್ತು ಅಂಟು ಕೂರುತ್ತೆ. ಇದಕ್ಕೆ ದಾರಿ ಎರಡು. ಒಂದು, ಎಣ್ಣೆಯನ್ನ ಬಿಸಿ ಮಾಡಿ ತೆಳು ಮಾಡೋದು. ಎರಡು, ಎಣ್ಣೆಯನ್ನೇ ಬದಲಾಯಿಸೋದು. ಎಣ್ಣೆಗೆ ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದ್ರೆ ಗ್ಲಿಸರಿನ್ ಕೆಳಗೆ ಕೂರುತ್ತೆ, ಮೇಲೆ ತೆಳುವಾದ ಬಯೋಡೀಸೆಲ್ ನಿಲ್ಲುತ್ತೆ. 100 ಕೆಜಿ ಎಣ್ಣೆಗೆ ಸುಮಾರು 10 ಕೆಜಿ ಮೆಥನಾಲ್ ಹಾಕಿದ್ರೆ ಹೆಚ್ಚುಕಡಿಮೆ 100 ಕೆಜಿ ಬಯೋಡೀಸೆಲ್, 10 ಕೆಜಿ ಗ್ಲಿಸರಿನ್. ಈ ಬಗೆಯ ಇಂಧನಕ್ಕೆ ಬ್ರಸೆಲ್ಸ್ ವಿಶ್ವವಿದ್ಯಾಲಯದ ಷಾವಾನ್ 1937ರಲ್ಲೇ ಪೇಟೆಂಟ್ ಪಡೆದಿದ್ದರು. ಅವರು ಬಳಸಿದ್ದು ತಾಳೆ ಎಣ್ಣೆ ಮತ್ತು ಆಲ್ಕೋಹಾಲ್. ಮರುವರ್ಷ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಒಂದು ಬಸ್ಸೂ ಅದರಲ್ಲಿ ಓಡಿತ್ತು.

ಈಗ ನಮ್ಮ ಕಡೆ ಬರೋಣ. ಅಡುಗೆ ಎಣ್ಣೆಯನ್ನ ಗಾಡಿಗೆ ಸುರಿಯೋಷ್ಟು ನಮ್ಮ ದೇಶ ಬೆಳೆಯಲ್ಲ, ಅದನ್ನೂ ಆಮದು ಮಾಡ್ಕೋತೀವಿ. ಆದ್ರೆ ಕರ್ನಾಟಕದಲ್ಲಿ ಹೊಂಗೆ ಇದೆ. ತಿನ್ನೋಕಾಗದ ಎಣ್ಣೆ, ಸೀಮೆಎಣ್ಣೆ ಬರೋ ಮುಂಚೆ ಹಳ್ಳಿಗಳಲ್ಲಿ ದೀಪಕ್ಕೆ ಉರಿಸ್ತಿದ್ದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಈ ಎಣ್ಣೆಯನ್ನ ಮತ್ತೆ ಕೈಗೆತ್ತಿಕೊಂಡರು. ಕಗ್ಗನಹಳ್ಳಿ ಅನ್ನೋ ಒಣಭೂಮಿಯ ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ, ಆ ಕರೆಂಟಿನಲ್ಲಿ ಬೋರ್‌ವೆಲ್ ನೀರೆತ್ತಿದರು. 2001ರ ಸುಮಾರಿಗೆ ದಾಂಡೇಲಿ ಫೆರೋ ಅಲಾಯ್ಸ್ ಕಾರ್ಖಾನೆ ತನ್ನ ಜನರೇಟರ್‌ಗಳಿಗೆ ಹೊಂಗೆ ಎಣ್ಣೆ ಹಾಕಿತು. ಒಂದೇ ವೇಗದಲ್ಲಿ, ಒಂದೇ ಕಡೆ ನಿಂತು ಓಡುವ ಎಂಜಿನ್‌ಗೆ ಇದು ಹೊಂದುತ್ತೆ. ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗೋ ಕಾರಿಗೆ ಅಷ್ಟು ಸುಲಭ ಅಲ್ಲ.

ದೆಹಲಿಯಲ್ಲೂ ಉತ್ಸಾಹ ಹೆಚ್ಚಿತು. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು 5% ಬಯೋಡೀಸೆಲ್ ಬೆರೆಸಿದ ಡೀಸೆಲ್‌ನಲ್ಲಿ ಓಡಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ನೆಡಿ ಅಂತು, 2011-12ಕ್ಕೆ 20% ಬೆರಕೆ ಗುರಿ ಇಟ್ಟಿತು. 2009ರ ರಾಷ್ಟ್ರೀಯ ನೀತಿ ಅದೇ 20%ಗೆ 2017ರ ಗಡುವು ಕೊಟ್ಟಿತು. 2018ರ ನೀತಿಯಲ್ಲಿ ಅದು 2030ಕ್ಕೆ 5% ಆಯ್ತು. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಸ್ಕೋಪ್ ಕಮ್ಮಿ ಮಾಡ್ತಾ, ಡೆಡ್‌ಲೈನ್ ಮುಂದಕ್ಕೆ ಹಾಕ್ತಾ ಹೋಗ್ತೀವಲ್ಲ, ಹಾಗೆ. ಜಟ್ರೋಫಾ ಬಂಜರು ನೆಲದಲ್ಲಿ ಬದುಕುತ್ತೆ ನಿಜ, ಆದ್ರೆ ಬದುಕೋದು ಬೇರೆ, ಕಾಯಿ ಕೊಡೋದು ಬೇರೆ. ನೀರು ಗೊಬ್ಬರ ಇಲ್ಲದೆ ನಿರೀಕ್ಷೆಯಷ್ಟು ಇಳುವರಿ ಬರಲಿಲ್ಲ.

ಕರ್ನಾಟಕ ಸ್ವಲ್ಪ ಬೇರೆ ದಾರಿ ಹಿಡಿಯಿತು. 2007ರಲ್ಲಿ ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಶುರುವಾಯ್ತು, 2009ರಲ್ಲಿ ರಾಜ್ಯ ತನ್ನದೇ ನೀತಿ ತಂದಿತು. ಹೊಲವನ್ನ ಪೂರ್ತಿ ಬಿಟ್ಟುಕೊಡಬೇಡಿ, ಬದು ಬೇಲಿಯಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿ ಅನ್ನೋದು ಇಲ್ಲಿನ ಲೆಕ್ಕ. ಹೊಂಗೆ ಸೊಪ್ಪು ಗೊಬ್ಬರ, ಹಿಂಡಿ ಗೊಬ್ಬರ, ಬೇರು ಮಣ್ಣಿಗೆ ಸಾರಜನಕ ಕಟ್ಟುತ್ತೆ. ಎಣ್ಣೆ ಸಿಗದಿದ್ರೂ ರೈತನಿಗೆ ನಷ್ಟ ಇಲ್ಲ.

ತೊಡಕು ಇಲ್ಲೇ ಇದೆ. ಹೊಂಗೆ ಕಾಯಿ ಬಿಡೋಕೆ ವರ್ಷಗಟ್ಟಲೆ ಕಾಯಬೇಕು. ಚದುರಿದ ಮರಗಳ ಕೆಳಗೆ ಬಿಸಿಲಲ್ಲಿ ಬಗ್ಗಿ ಕಾಯಿ ಆರಿಸಿ, ಒಣಗಿಸಿ, ಒಡೆದು ಬೀಜ ತೆಗೀಬೇಕು. ಒಂದು ಕೆಜಿ ಎಣ್ಣೆಗೆ ಸುಮಾರು ನಾಲ್ಕು ಕೆಜಿ ಬೀಜ. ಆ ಆಯುವ ಕೂಲಿ ಗಿಟ್ಟಬೇಕು, ಆದ್ರೆ ಎಣ್ಣೆಯ ಬೆಲೆ ಬಂಕಿನ ಡೀಸೆಲ್‌ಗಿಂತ ಮೇಲೆ ಹೋಗಬಾರದು. ಅದೇ ಬೀಜಕ್ಕೆ ಸಾಬೂನಿನವರು, ಚರ್ಮ ಹದಮಾಡೋರು ಕೂಡ ಗಿರಾಕಿಗಳು.

ಅಷ್ಟರಲ್ಲಿ ರೈಲು ಮುಂದಕ್ಕೆ ಹೋಗಿಬಿಟ್ಟಿದೆ. ವಾರಾಣಸಿಯ ಕಾರ್ಖಾನೆ ಈಗ ವಿದ್ಯುತ್ ಎಂಜಿನ್ ಮಾಡುತ್ತೆ. 2020ರಲ್ಲಿ ಅದರ ಹೆಸರಿಂದ ಡೀಸೆಲ್ ಅನ್ನೋ ಪದವೇ ಹೋಯ್ತು, ಈಗ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್. ಉಳಿದದ್ದು ಲಾರಿ, ಪಂಪು, ಜನರೇಟರ್.

ನಗರದಲ್ಲಿರೋ ನಮ್ಮ ಕೈಗೆ ಸಿಗೋ ಎಣ್ಣೆ ಅಂದ್ರೆ ಕರಿದು ಉಳಿದದ್ದು. 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಒಟ್ಟು ಪೋಲಾರ್ ಸಂಯುಕ್ತಗಳು 25% ದಾಟಿದ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಅಂಥ ಎಣ್ಣೆಯನ್ನ ಬಯೋಡೀಸೆಲ್‌ಗೆ ಕಳಿಸುವ ರೂಕೋ ಯೋಜನೆ ಬಂತು. ನಿಮ್ಮ ಆಫೀಸಿನ ಕ್ಯಾಂಟೀನ್ ಎಣ್ಣೆ ಎಲ್ಲಿಗೆ ಹೋಗುತ್ತೆ, ಬಯೋಡೀಸೆಲ್ ಘಟಕಕ್ಕೋ, ಬೀದಿಬದಿಯ ಬಾಣಲೆಗೋ? ಒಮ್ಮೆ ಫೆಸಿಲಿಟೀಸ್ ಟೀಮಿನವರನ್ನ ಕೇಳಿ ನೋಡಿ. ನಿಮ್ಮ ಕಾರಿಗಂತೂ ದಯವಿಟ್ಟು ಸುರಿಯಬೇಡಿ. ಈಗಿನ ಕಾಮನ್ ರೈಲ್ ಇಂಜೆಕ್ಟರ್ 1900ರ ಎಂಜಿನ್ನಿನಷ್ಟು ಸಹನೆಯದ್ದಲ್ಲ.