ಬಾಗಿ ಕ್ರೀಕ್‌ನ ಕೂಗು: ಕಾಡಿನ ಜೀವಿಯೊಂದು ಪರದೆಗೆ ಬಂದ ಕಥೆ

ಮನುಷ್ಯನಂತೆ ಎರಡು ಕಾಲ ಮೇಲೆ ನಡೆಯುವ, ಮೃಗದಂತೆ ಮೈತುಂಬ ರೋಮವಿರುವ ಒಂದು ಜೀವಿ ದಟ್ಟ ಕಾಡಿನಲ್ಲಿ ಇದೆ ಎಂಬ ನಂಬಿಕೆ ಜಗತ್ತಿನ ಹಲವು ಭಾಗಗಳಲ್ಲಿದೆ. ಹಿಮಾಲಯದಲ್ಲಿ ಅದು ಯೇತಿ. ಉತ್ತರ ಅಮೆರಿಕದಲ್ಲಿ ಸಾಸ್ಕ್ವಾಚ್ ಅಥವಾ ಬಿಗ್‌ಫುಟ್. ಇಂಥ ಕಥೆಗಳು ತಲೆಮಾರುಗಳ ಕಾಲ ಒಲೆಯ ಮುಂದೆ, ಬೇಟೆಗಾರರ ಬಿಡಾರಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆಗಳ ಎದುರಿಗೆ ಕ್ಯಾಮೆರಾ ಬಂದು ನಿಂತಿತು. ಆಗ ಕಥೆಗೆ ಏನಾಯಿತು, ಕಥೆ ಹೇಳಿದವರಿಗೆ ಏನಾಯಿತು, ನೋಡಿದವರಿಗೆ ಏನಾಯಿತು ಎಂಬುದು ದೃಶ್ಯಮಾಧ್ಯಮದಲ್ಲಿ ಆಸಕ್ತಿ ಇರುವವರೆಲ್ಲ ಯೋಚಿಸಬೇಕಾದ ವಿಷಯ. ಇದಕ್ಕೆ ಒಳ್ಳೆಯ ಉದಾಹರಣೆ 1972ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ದಿ ಲೆಜೆಂಡ್ ಆಫ್ ಬಾಗಿ ಕ್ರೀಕ್' ಎಂಬ ಚಿತ್ರ.

ಊರು ಮತ್ತು ಸುದ್ದಿ

ಅಮೆರಿಕದ ಅರ್ಕಾನ್ಸಾ ರಾಜ್ಯದ ನೈಋತ್ಯ ಮೂಲೆಯಲ್ಲಿ ಫೌಕ್ ಎಂಬ ಪುಟ್ಟ ಊರಿದೆ. ಟೆಕ್ಸಸ್ ಮತ್ತು ಲೂಸಿಯಾನಾ ರಾಜ್ಯಗಳ ಗಡಿ ಅಲ್ಲಿಂದ ದೂರವಿಲ್ಲ. ಊರಿನ ಸುತ್ತ ಹಳ್ಳಗಳು, ಜೌಗು ನೆಲ, ಸಲ್ಫರ್ ನದಿಯ ತಗ್ಗು ಪ್ರದೇಶದ ಕಾಡು. ಬೇಟೆ, ಮೀನುಗಾರಿಕೆ ಮತ್ತು ಬೇಸಾಯ ಅಲ್ಲಿಯ ಜನರ ಬದುಕಿನ ಭಾಗ. ಕಾಡಿನಲ್ಲಿ ಯಾವುದೋ ರೋಮಮಯ ಜೀವಿ ಓಡಾಡುತ್ತದೆ, ಅದರ ಕೂಗು ಕೇಳಿದೆ, ಅದು ಕಣ್ಣಿಗೆ ಬಿದ್ದಿದೆ ಎಂಬ ಮಾತು ಅಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದು ಊರಿನೊಳಗಿನ ಮಾತಾಗಿತ್ತು.

1971ರ ಮೇ ತಿಂಗಳ ಆರಂಭದಲ್ಲಿ ಈ ಮಾತು ಪತ್ರಿಕೆಗೆ ಬಂತು. ಬಾಡಿಗೆ ಮನೆಗೆ ಬಂದು ಒಂದು ವಾರವೂ ಆಗಿರದ ಕುಟುಂಬವೊಂದು, ರಾತ್ರಿ ಕಿಟಕಿಯ ಪರದೆಯೊಳಗಿಂದ ರೋಮ ತುಂಬಿದ ಕೈಯೊಂದು ಒಳಗೆ ಚಾಚಿತು ಎಂದು ದೂರಿತು. ಮನೆಯ ಗಂಡಸರು ಹೊರಗೆ ಓಡಿ ಗುಂಡು ಹಾರಿಸಿದರು. ಅದೇ ರಾತ್ರಿ ಮನೆಯ ಯಜಮಾನನನ್ನು ಆ ಜೀವಿ ಹಿಡಿದುಕೊಂಡಿತು, ಆತ ಬಿಡಿಸಿಕೊಂಡು ಒಳಗೆ ನುಗ್ಗಿದ ಎಂಬುದು ಅವರ ಹೇಳಿಕೆ. ಪರಚಿದ ಗಾಯಕ್ಕೂ ಆಘಾತಕ್ಕೂ ಆತನಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಪಕ್ಕದ ಟೆಕ್ಸರ್ಕಾನಾ ನಗರದ ಪತ್ರಿಕೆ ಈ ಸುದ್ದಿ ಪ್ರಕಟಿಸಿತು. 'ಫೌಕ್‌ನ ರಾಕ್ಷಸ' ಎಂಬ ಹೆಸರು ಹುಟ್ಟಿತು.

ಮುಂದಿನದು ನಾವು ಊಹಿಸಬಹುದಾದದ್ದೇ. ಬಂದೂಕು ಹಿಡಿದ ಹೊರಗಿನವರು ಊರಿಗೆ ನುಗ್ಗಿದರು. ಲಿಟಲ್ ರಾಕ್ ನಗರದ ಒಂದು ರೇಡಿಯೋ ಕೇಂದ್ರ ಆ ಜೀವಿಯನ್ನು ಹಿಡಿದವರಿಗೆ 1,090 ಡಾಲರ್ ಬಹುಮಾನ ಘೋಷಿಸಿತು. ಈ ಮೊತ್ತಕ್ಕೆ ಒಂದು ಗುಟ್ಟಿದೆ: ಆ ಕೇಂದ್ರದ ತರಂಗಾಂತರ 1090 ಕಿಲೋಹರ್ಟ್ಸ್! ಜೂನ್ ತಿಂಗಳಲ್ಲಿ ಸೋಯಾ ಅವರೆ ಹೊಲವೊಂದರಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆ ಗುರುತುಗಳು ಕಂಡವು. ಅದನ್ನು ನೋಡಲು ಇನ್ನಷ್ಟು ಜನ ಬಂದರು. ಜನರ ಪ್ರಾಣಕ್ಕೆ ಅಪಾಯವಾಗದಿರಲೆಂದು ಅಲ್ಲಿಯ ಪೊಲೀಸ್ ಅಧಿಕಾರಿ ಕೆಲಕಾಲ ಬಂದೂಕುಗಳನ್ನು ನಿಷೇಧಿಸಬೇಕಾಯಿತು.

ಜಾಹೀರಾತಿನವನ ಸಾಹಸ

ಈ ಗದ್ದಲವನ್ನು ಟೆಕ್ಸರ್ಕಾನಾದಲ್ಲಿ ಕುಳಿತು ಗಮನಿಸುತ್ತಿದ್ದವರು ಚಾರ್ಲ್ಸ್ ಬಿ. ಪಿಯರ್ಸ್. 1938ರಲ್ಲಿ ಹುಟ್ಟಿದ ಪಿಯರ್ಸ್ ಅವರು ದೂರದರ್ಶನ ಕೇಂದ್ರದಲ್ಲಿ ಕಲಾ ನಿರ್ದೇಶಕರಾಗಿ ದುಡಿದವರು, ಹವಾಮಾನ ವರದಿ ಓದಿದವರು, ಮಕ್ಕಳ ಕಾರ್ಯಕ್ರಮ ನಡೆಸಿಕೊಟ್ಟವರು. ಆಮೇಲೆ ತಮ್ಮದೇ ಜಾಹೀರಾತು ಸಂಸ್ಥೆ ತೆರೆದಿದ್ದರು. ಕಥಾಚಿತ್ರ ಮಾಡಿದ ಅನುಭವ ಅವರಿಗಿರಲಿಲ್ಲ. ಜಾಹೀರಾತಿನ ಗಿರಾಕಿಯಾಗಿದ್ದ ಒಂದು ಟ್ರೇಲರ್ ತಯಾರಿಕಾ ಸಂಸ್ಥೆಯಿಂದ ಹಣ ಹೊಂದಿಸಿಕೊಂಡರು. ಚಿತ್ರದ ಒಟ್ಟು ವೆಚ್ಚ ಸುಮಾರು 1,60,000 ಡಾಲರ್ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು.

ಹಣ ಕಡಿಮೆ ಇದ್ದಾಗ ಬುದ್ಧಿ ಹೆಚ್ಚು ಓಡಬೇಕು. ಪಿಯರ್ಸ್ ಅವರು ಟೆಕ್ನಿಸ್ಕೋಪ್ ವಿಧಾನವನ್ನು ಆರಿಸಿಕೊಂಡರು. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದೊಂದು ಚಿತ್ರಚೌಕಟ್ಟು ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರವಿರುತ್ತದೆ. ಟೆಕ್ನಿಸ್ಕೋಪ್‌ನಲ್ಲಿ ಎರಡೇ ರಂಧ್ರ. ಅಂದರೆ ಅರ್ಧ ಫಿಲ್ಮಿನಲ್ಲಿ ಅದೇ ಅವಧಿಯ ಚಿತ್ರೀಕರಣ ಸಾಧ್ಯ. ಸಾವಿರ ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುವ ಬದಲು ಇಪ್ಪತ್ತೆರಡು ನಿಮಿಷ ಓಡುತ್ತದೆ. ಜೊತೆಗೆ ಅಗಲ ಪರದೆಯ ಚಿತ್ರವೂ ದೊರೆಯುತ್ತದೆ. ಜೌಗು ನೆಲದ ವಿಸ್ತಾರ, ಮುಸ್ಸಂಜೆಯ ಮರಗಳ ಸಾಲು ಈ ಅಗಲದಲ್ಲಿ ಸೊಗಸಾಗಿ ಮೂಡಿಬಂದವು.

ನಿರ್ದೇಶನ, ನಿರ್ಮಾಣ, ಛಾಯಾಗ್ರಹಣ ಮೂರನ್ನೂ ಪಿಯರ್ಸ್ ಅವರೇ ವಹಿಸಿಕೊಂಡರು. ಬೇರೆ ಹೆಸರಿನಲ್ಲಿ ಹಾಡನ್ನೂ ಹಾಡಿದರು! ಚಿತ್ರಕಥೆ ಅರ್ಲ್ ಇ. ಸ್ಮಿತ್ ಅವರದು, ಸಂಗೀತ ಬೊಲಿವಿಯಾ ಮೂಲದ ಹೈಮೆ ಮೆಂಡೋಜಾ-ನಾವಾ ಅವರದು. ತಂತ್ರಜ್ಞರ ಕೊರತೆಯನ್ನು ಸ್ಥಳೀಯ ವಿದ್ಯಾರ್ಥಿಗಳು ತುಂಬಿದರು. ನಟರ ಕೊರತೆಯನ್ನು ಊರವರು ತುಂಬಿದರು.

ಚಿತ್ರಮಂದಿರಗಳಲ್ಲಿಯೂ ಕಾರಿನಲ್ಲೇ ಕುಳಿತು ನೋಡುವ ಬಯಲು ಮಂದಿರಗಳಲ್ಲಿಯೂ ಚಿತ್ರ ಭರ್ಜರಿಯಾಗಿ ಓಡಿತು. ಎರಡು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು ಎಂಬುದು ಪ್ರಚಲಿತ ಅಂದಾಜು. ಭಯದ ಚಿತ್ರವಾಗಿದ್ದರೂ ಇದಕ್ಕೆ ಸಿಕ್ಕಿದ್ದು ಎಲ್ಲ ವಯಸ್ಸಿನವರೂ ನೋಡಬಹುದಾದ ದರ್ಜೆ. ಹೀಗಾಗಿ ಒಂದು ತಲೆಮಾರಿನ ಅಮೆರಿಕನ್ ಮಕ್ಕಳು ತಂದೆತಾಯಿಯ ಜೊತೆ ಕುಳಿತು ಇದನ್ನು ನೋಡಿ ಹೆದರಿಕೊಂಡರು.

ತೋರಿಸದೇ ಹೆದರಿಸುವ ವಿದ್ಯೆ

ಚಿತ್ರದಲ್ಲಿ ರಕ್ತಪಾತ ಅತಿ ಕಡಿಮೆ. ವಯಸ್ಕ ನಿರೂಪಕನೊಬ್ಬ ತನ್ನ ಬಾಲ್ಯವನ್ನು ನೆನೆಯುತ್ತಾನೆ. ಏಳು ವರ್ಷದ ಹುಡುಗನೊಬ್ಬ ಸಂಜೆ ಹೊಲದಲ್ಲಿ ಓಡುತ್ತಿರುವಾಗ ಕಾಡಿನಿಂದ ಆ ಕೂಗು ಕೇಳಿಸುತ್ತದೆ. ಅನಂತರ ಹಕ್ಕಿ, ನೀರು, ಆಮೆ, ಮರ ಎಂದು ಪ್ರಕೃತಿಯ ಸಾಕ್ಷ್ಯಚಿತ್ರದಂತೆ ಚಿತ್ರ ನಿಧಾನವಾಗಿ ಸಾಗುತ್ತದೆ. ನಡುನಡುವೆ ಒಂದೊಂದು ಘಟನೆ. ಜೀವಿ ಪೂರ್ತಿಯಾಗಿ, ಬೆಳಕಿನಲ್ಲಿ ಎಲ್ಲೂ ಕಾಣುವುದಿಲ್ಲ. ಮರದ ಹಿಂದೆ ಒಂದು ಆಕೃತಿ, ಕಿಟಕಿಯಲ್ಲಿ ಒಂದು ಕೈ, ಅಷ್ಟೇ.

ಇದು ಕಲೆಯೂ ಹೌದು, ಅನಿವಾರ್ಯವೂ ಹೌದು. ಅಗ್ಗದ ರೋಮದ ಉಡುಪನ್ನು ಬೆಳಕಿನಲ್ಲಿ ತೋರಿಸಿದರೆ ಜನ ನಗುತ್ತಾರೆ. ಕತ್ತಲಲ್ಲಿ ತೋರಿಸಿದರೆ ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. ನಮ್ಮ ಅಜ್ಜಿಯರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಅವರು ದೆವ್ವದ ಮುಖವನ್ನು ಎಂದೂ ವರ್ಣಿಸಲಿಲ್ಲ, ಗೆಜ್ಜೆಯ ಸದ್ದು ಮಾತ್ರ ಕೇಳಿಸಿದರು.

ಇಪ್ಪತ್ತೇಳು ವರ್ಷಗಳ ಅನಂತರ, 1999ರಲ್ಲಿ, 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಎಂಬ ಚಿತ್ರ ಇದೇ ವಿದ್ಯೆಯನ್ನು ಬಳಸಿತು. ಕಾಡಿನಲ್ಲಿ ಕಾಣೆಯಾದ ವಿದ್ಯಾರ್ಥಿಗಳು ಬಿಟ್ಟುಹೋದ ಚಿತ್ರಸುರುಳಿ ಎಂಬ ಸೋಗಿನಲ್ಲಿ ಬಂದ ಆ ಚಿತ್ರದ ಮೂಲ ಚಿತ್ರೀಕರಣಕ್ಕೆ ಕೆಲವೇ ಹತ್ತು ಸಾವಿರ ಡಾಲರ್ ಖರ್ಚಾಗಿತ್ತು. ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 24.8 ಕೋಟಿ ಡಾಲರ್. ತಮ್ಮ ಮೇಲೆ ಪ್ರಭಾವ ಬೀರಿದ ಚಿತ್ರಗಳಲ್ಲಿ 'ಬಾಗಿ ಕ್ರೀಕ್' ಒಂದು ಎಂದು ಅದರ ನಿರ್ದೇಶಕರು ಹೇಳಿಕೊಂಡಿದ್ದಾರೆ.

ಹೆಸರು ಕೊಟ್ಟವರು

ಈ ಚಿತ್ರದ ನಿಜವಾದ ಬಂಡವಾಳ ಮಾತ್ರ ಬೇರೆಯೇ. ಇದು ಸತ್ಯಕಥೆ, ಇದರಲ್ಲಿ ಕೆಲವರು ತಮ್ಮ ಪಾತ್ರವನ್ನು ತಾವೇ ವಹಿಸಿದ್ದಾರೆ ಎಂದು ಚಿತ್ರ ಆರಂಭದಲ್ಲೇ ಸಾರುತ್ತದೆ. ಊರಿನ ಹೆಸರು ನಿಜ, ಜನರ ಹೆಸರು ನಿಜ, ಅನೇಕ ಕಡೆ ಜಾಗವೂ ನಿಜ. ನಡೆದದ್ದು ಏನು ಎಂಬುದು ಮಾತ್ರ ಯಾರಿಗೂ ಖಚಿತವಿಲ್ಲ. ಸುತ್ತಲಿನ ಎಲ್ಲ ಸತ್ಯಗಳ ಬಲದಿಂದ ನಡುವಿನ ಅನುಮಾನವೂ ಸತ್ಯದಂತೆ ಕಾಣತೊಡಗುತ್ತದೆ.

ಇದರ ಬೆಲೆ ತೆತ್ತವರು ಊರಿನವರು. ಚಿತ್ರದಲ್ಲಿ ಕಾಣಿಸಿಕೊಂಡ ಬೇಟೆಗಾರ ಸ್ಮೋಕಿ ಕ್ರಾಬ್‌ಟ್ರೀ ಅವರು 1974ರಲ್ಲಿ ಒಂದು ಪುಸ್ತಕ ಬರೆದರು. ತಮ್ಮ ಕುಟುಂಬದ ಹೆಸರನ್ನೂ ಬದುಕನ್ನೂ ಚಿತ್ರ ಬಳಸಿಕೊಂಡ ರೀತಿಯ ಬಗ್ಗೆ ಅವರಿಗೆ ಆಳವಾದ ಅಸಮಾಧಾನವಿತ್ತು. ಕಾಡನ್ನು ಅಂಗೈಯಂತೆ ಬಲ್ಲ ಮನುಷ್ಯನೊಬ್ಬ ಜಗತ್ತಿನ ಕಣ್ಣಿಗೆ ರಾಕ್ಷಸನ ನೆರೆಯವನಾಗಿ ಮಾತ್ರ ಉಳಿದದ್ದು ಸಣ್ಣ ಸಂಗತಿಯಲ್ಲ. ಕೋಟಿಗಳ ಲೆಕ್ಕದಲ್ಲಿ ದುಡಿದ ಚಿತ್ರಕ್ಕೆ ಆಧಾರವಾಗಿದ್ದದ್ದು ಇಂಥವರ ಮುಖ ಮತ್ತು ಮಾತು.

ಊರು ಕ್ರಮೇಣ ಆ ಹೆಸರಿನೊಂದಿಗೆ ರಾಜಿಯಾಯಿತು ಎಂಬುದೂ ನಿಜ. ಜೀವಿಯ ಹೆಸರಿನ ಅಂಗಡಿ ಬಂತು, ಉತ್ಸವ ಬಂತು, ಪ್ರವಾಸಿಗರು ಬಂದರು. ಪಿಯರ್ಸ್ ಅವರು 1976ರಲ್ಲಿ ಟೆಕ್ಸರ್ಕಾನಾದ ನಿಜವಾದ ಕೊಲೆ ಪ್ರಕರಣಗಳನ್ನು ಆಧರಿಸಿ ಇನ್ನೊಂದು ಚಿತ್ರ ಮಾಡಿದರು. 1985ರಲ್ಲಿ ತಮ್ಮ ಜೀವಿಯ ಕಥೆಯನ್ನು ಮುಂದುವರಿಸಿದರು. 2010ರಲ್ಲಿ ಅವರು ತೀರಿಕೊಂಡರು. ಮಾಸಿ ಹೋಗಿದ್ದ ಮೂಲ ಚಿತ್ರವನ್ನು ಅವರ ಮಗಳು ಮುತುವರ್ಜಿ ವಹಿಸಿ ದುರಸ್ತಿ ಮಾಡಿಸಿದ ಮೇಲೆ 2019ರಲ್ಲಿ ಅದು ಮತ್ತೆ ತೆರೆ ಕಂಡಿತು.

ವಿಜ್ಞಾನದ ಪ್ರಶ್ನೆಗಳು

ಹಾಗಾದರೆ ಆ ಜೀವಿ ಇತ್ತೇ? ಹೊಲದ ಹೆಜ್ಜೆಗಳನ್ನು ಪರಿಶೀಲಿಸಿದ ಪುರಾತತ್ತ್ವಜ್ಞ ಫ್ರಾಂಕ್ ಶಾಂಬಾಖ್ ಅವರು ಅದು ಬಹುಮಟ್ಟಿಗೆ ಕುಚೇಷ್ಟೆಯೇ ಎಂದರು. ಕಾರಣ ಸರಳ. ಮನುಷ್ಯನೂ ಸೇರಿ ವಾನರ ವರ್ಗದ ಪ್ರಾಣಿಗಳ ಪಾದಕ್ಕೆ ಐದು ಬೆರಳು. ಮೂರು ಬೆರಳಿನ ವಾನರ ಇಲ್ಲ. ಇನ್ನೂ ಒಂದು ಪ್ರಶ್ನೆ ಕೇಳಬಹುದು. ಯಾವ ಪ್ರಾಣಿಯೂ ಒಂಟಿಯಾಗಿ ತಲೆಮಾರುಗಳ ಕಾಲ ಬದುಕಲಾರದು. ವಂಶ ಉಳಿಯಬೇಕಾದರೆ ಹತ್ತಾರು, ನೂರಾರು ಜೀವಿಗಳಿರಬೇಕು. ಅವು ತಿನ್ನಬೇಕು, ಹೇತಿರಬೇಕು, ಸತ್ತಿರಬೇಕು. ಬೇಟೆಗಾರರು ದಿನವೂ ಓಡಾಡುವ ಕಾಡಿನಲ್ಲಿ ಒಂದು ಮೂಳೆಯಾದರೂ ಸಿಗಬೇಕಲ್ಲವೇ?

ಬೇರೆ ಕಡೆಯ ಸಾಕ್ಷ್ಯಗಳ ಗತಿಯೂ ಇದೇ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಬಿಗ್‌ಫುಟ್' ಎಂಬ ಹೆಸರನ್ನು ಜನಪ್ರಿಯಗೊಳಿಸಿದ ಹೆಜ್ಜೆಗಳು ತಮ್ಮ ತಂದೆ ಮರದ ಪಾದಗಳಿಂದ ಮೂಡಿಸಿದವು ಎಂದು ಅಲ್ಲಿಯ ಗುತ್ತಿಗೆದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಅವರ ಕುಟುಂಬದವರು ಬಹಿರಂಗಪಡಿಸಿದರು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೇತಿಯದೆಂದು ಹೇಳಲಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಎಂಟು ಕರಡಿಯವು, ಒಂದು ನಾಯಿಯದು ಎಂದು ತಿಳಿಯಿತು.

ಅಂದಮಾತ್ರಕ್ಕೆ ಕಂಡೆವು ಎಂದವರೆಲ್ಲ ಸುಳ್ಳುಗಾರರೇ? ಅಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕಾರು ಅಪಘಾತದ ದೃಶ್ಯ ತೋರಿಸಿ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರಿಗೆ ಕಾರುಗಳು 'ತಾಗಿದಾಗ' ಎಂದೂ ಕೆಲವರಿಗೆ 'ಅಪ್ಪಳಿಸಿದಾಗ' ಎಂದೂ ಕೇಳಿದರು. 'ಅಪ್ಪಳಿಸಿದಾಗ' ಎಂಬ ಪದ ಕೇಳಿದವರು ವೇಗವನ್ನು ಹೆಚ್ಚಾಗಿ ಅಂದಾಜಿಸಿದರು. ಅಷ್ಟೇ ಅಲ್ಲ, ಒಂದು ವಾರದ ಅನಂತರ ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದಾಗ ಆ ಗುಂಪಿನಲ್ಲಿ ಹೆಚ್ಚು ಮಂದಿ ಕಂಡೆವು ಎಂದರು. ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ!

ಒಂದು ಪದಕ್ಕೆ ಇಷ್ಟು ಶಕ್ತಿಯಿದ್ದರೆ ಒಂದು ಚಲನಚಿತ್ರಕ್ಕೆ ಎಷ್ಟಿರಬೇಡ? ಕತ್ತಲಲ್ಲಿ ಏನನ್ನೋ ಕಂಡ ಪ್ರಾಮಾಣಿಕ ಮನುಷ್ಯನೊಬ್ಬ, ಅದರ ಆಕಾರವನ್ನು ಪರದೆಯ ಮೇಲೆ ಒಮ್ಮೆ ನೋಡಿದ ಮೇಲೆ, ತಾನು ಕಂಡದ್ದನ್ನೂ ತೋರಿಸಲ್ಪಟ್ಟದ್ದನ್ನೂ ಬೇರ್ಪಡಿಸಲು ಸಾಧ್ಯವೇ? ಚಿತ್ರೀಕರಣ ಒಂದು ವರ್ಷ ತಡೆದಿದ್ದರೆ ಊರವರ ಮೂಲ ಹೇಳಿಕೆಗಳನ್ನು ಶಾಂತವಾಗಿ ದಾಖಲಿಸಲು ಅವಕಾಶವಿರುತ್ತಿತ್ತು. ಚಿತ್ರ ಬಂದ ಮೇಲೆ ಆ ಅವಕಾಶ ಮುಗಿದುಹೋಯಿತು. ಜಾನಪದದ ದೃಷ್ಟಿಯಿಂದಲೂ ವಿಜ್ಞಾನದ ದೃಷ್ಟಿಯಿಂದಲೂ ಆದ ನಿಜವಾದ ನಷ್ಟ ಇದು.

ಪರದೆಯ ಹೊಣೆ

ಈ ಮಾದರಿ ದೂರದರ್ಶನಕ್ಕೂ ಹರಿದು ಬಂತು. 1992ರ ಅಕ್ಟೋಬರ್ 31ರಂದು ಬಿಬಿಸಿ 'ಘೋಸ್ಟ್‌ವಾಚ್' ಎಂಬ ನಾಟಕವನ್ನು ನೇರ ಪ್ರಸಾರದ ಶೈಲಿಯಲ್ಲಿ ತೋರಿಸಿತು. ಜನರಿಗೆ ಪರಿಚಿತರಾಗಿದ್ದ ನಿರೂಪಕರು ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಂಡರು. ಹೆದರಿದ, ಸಿಟ್ಟಾದ ವೀಕ್ಷಕರಿಂದ ದೂರವಾಣಿ ಕರೆಗಳ ಮಹಾಪೂರವೇ ಬಂತು. 2012ರಲ್ಲಿ ಅಮೆರಿಕದ ಅನಿಮಲ್ ಪ್ಲಾನೆಟ್ ವಾಹಿನಿ ಮತ್ಸ್ಯಕನ್ಯೆಯರ ಬಗ್ಗೆ ಸಾಕ್ಷ್ಯಚಿತ್ರದ ಸೋಗಿನ ಕಾರ್ಯಕ್ರಮ ಪ್ರಸಾರ ಮಾಡಿತು. ಅದೇ ವರ್ಷ ಅಲ್ಲಿಯ ಸರ್ಕಾರಿ ಸಾಗರ ಸಂಸ್ಥೆಯು ಜಲಮಾನವರಿದ್ದಾರೆ ಎಂಬುದಕ್ಕೆ ಯಾವ ಪುರಾವೆಯೂ ದೊರೆತಿಲ್ಲ ಎಂದು ಪ್ರಕಟಣೆ ಹೊರಡಿಸಬೇಕಾಯಿತು! ಒಂದು ಸರ್ಕಾರಿ ವಿಜ್ಞಾನ ಸಂಸ್ಥೆ ಈ ಕೆಲಸಕ್ಕೆ ಇಳಿಯಬೇಕಾಯಿತೆಂದರೆ ಪರದೆಯ ಮಾತಿಗೆ ಇರುವ ತೂಕವನ್ನು ನಾವು ಅಳೆದುಕೊಳ್ಳಬಹುದು.

ಭಯದ ಕಥೆ ಬೇಡವೆಂದು ಯಾರೂ ಹೇಳಲಾರರು. ಕಥೆ ಕೇಳಿ ಹೆದರುವುದು, ಹೆದರಿ ಅಮ್ಮನ ಸೆರಗು ಹಿಡಿಯುವುದು ಬಾಲ್ಯದ ಸುಖಗಳಲ್ಲಿ ಒಂದು. ಅಜ್ಜಿ ಕಥೆ ಹೇಳುವಾಗ 'ಒಂದಾನೊಂದು ಕಾಲದಲ್ಲಿ' ಎಂದು ಶುರುಮಾಡುತ್ತಾಳೆ. ಆ ಮಾತು ಒಂದು ಹೊಸ್ತಿಲು. ಅದನ್ನು ದಾಟಿದರೆ ಕಥೆಯ ಲೋಕ, ಹಿಂದಕ್ಕೆ ಬಂದರೆ ನಮ್ಮ ಮನೆ. ಮಗುವಿಗೂ ಅದು ತಿಳಿದಿರುತ್ತದೆ. 'ಇದು ಸತ್ಯಕಥೆ' ಎಂಬ ಫಲಕ ಆ ಹೊಸ್ತಿಲನ್ನೇ ಕಿತ್ತುಹಾಕುತ್ತದೆ. ಆಗ ಭಯ ಮನೆಯೊಳಗೆ ಬರುತ್ತದೆ. ಬಂದೂಕು ಹಿಡಿದವರು ಕಾಡಿಗೆ ಹೋಗುತ್ತಾರೆ.

ಪಿಯರ್ಸ್ ಅವರ ಚಿತ್ರದಲ್ಲಿ ಇಂದಿಗೂ ಮೆಚ್ಚಬೇಕಾದದ್ದು ಬಹಳಷ್ಟಿದೆ. ಕಡಿಮೆ ಹಣದಲ್ಲಿ, ದೊಡ್ಡ ನಗರಗಳ ನೆರವಿಲ್ಲದೆ, ತನ್ನ ಸೀಮೆಯ ನೆಲ, ನೀರು, ನುಡಿಗಳನ್ನು ಒಬ್ಬ ಮನುಷ್ಯ ಪರದೆಗೆ ತಂದ. ಯುವ ನಿರ್ಮಾಪಕರು ಅದನ್ನು ಅವರಿಂದ ಕಲಿಯಬಹುದು. ಜೊತೆಗೆ ಇನ್ನೊಂದನ್ನೂ ಕಲಿಯಬಹುದು. ಜನರು ತಮ್ಮ ಹೆಸರು, ಮುಖ, ನೆನಪುಗಳನ್ನು ನಮ್ಮ ಕೈಗೆ ಕೊಟ್ಟಾಗ, 'ಇದು ಅವರು ಹೇಳಿದ್ದು', 'ಇದು ನಾವು ಸೇರಿಸಿದ್ದು' ಎಂದು ಬೇರೆಬೇರೆಯಾಗಿ ತೋರಿಸಲು ಹೆಚ್ಚು ಫಿಲ್ಮು ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಪರದೆಯ ಮೇಲೆ ಒಂದು ಸಾಲು ಸಾಕು.